ಯಾಟ್ ಬಂಡೆ ಹತ್ತಿದರೆ: ಗ್ರಹಚಾರವೋ, ನಾವಿಕನ ತಪ್ಪೋ?

ದುಬಾರಿ ಹಾಯಿದೋಣಿಯೊಂದು ಬಂಡೆಗಳ ಮೇಲೆ ಅಡ್ಡ ಬಿದ್ದಿರುತ್ತದೆ. ಅಲೆ ಮೇಲಿಂದ ಮೇಲೆ ಹೊಡೆಯುತ್ತಿರುತ್ತದೆ. ಇಂಥ ವಿಡಿಯೊ ಫೋನಿಗೆ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. "ಪಾಪ, ಗ್ರಹಚಾರ" ಅಂತ ಕೆಲವರು. "ಜಿಪಿಎಸ್ ಇದ್ದೂ ಬಂಡೆ ಕಾಣ್ಲಿಲ್ವಾ?" ಅಂತ ಇನ್ನು ಕೆಲವರು. ವಿಡಿಯೊ ನೋಡಿ ಈ ಎರಡರಲ್ಲಿ ಯಾವುದು ಸರಿ ಅಂತ ಹೇಳಲು ಬರುವುದಿಲ್ಲ. ಅದರಲ್ಲಿ ಕಾಣುವುದು ಕೊನೆಯ ಕೆಲವು ನಿಮಿಷ ಮಾತ್ರ. ಉತ್ತರ ಇರುವುದು ಅದಕ್ಕಿಂತ ಹಿಂದಿನ ಗಂಟೆಗಳಲ್ಲಿ, ಎಷ್ಟೋ ಸಲ ಹಿಂದಿನ ದಿನಗಳಲ್ಲಿ. ಅಪಘಾತದ ತನಿಖೆ ಮಾಡುವವರು ಹಿಂದಕ್ಕೆ ಹೋಗಿ ಏನೇನು ಹುಡುಕುತ್ತಾರೆ ಅನ್ನುವುದನ್ನು ಇಲ್ಲಿ ನೋಡೋಣ.

ತಳ ತಾಗುವುದು ಅಂದರೆ

ಯಾಟ್ ಅಂದರೆ ವಿಹಾರಕ್ಕೋ ಪಂದ್ಯಕ್ಕೋ ಬಳಸುವ ದೋಣಿ. ಇಲ್ಲಿ ಮಾತಾಡುತ್ತಿರುವುದು ಹಾಯಿ ಇರುವ ಯಾಟ್ ಬಗ್ಗೆ. ಅದರ ಹೊಟ್ಟೆಯ ಕೆಳಗೆ ನೀರಿನೊಳಗೆ ಚಾಚಿಕೊಂಡ ಭಾರವಾದ ರೆಕ್ಕೆಯಂಥ ಭಾಗವೊಂದು ಇರುತ್ತದೆ. ಅದೇ ಕೀಲ್. ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳಿದಾಗ ದೋಣಿ ಮಗುಚದಂತೆ ಹಿಡಿಯುವುದು ಅದೇ. ದೋಣಿ ಅಡ್ಡಡ್ಡ ಜಾರದಂತೆ ತಡೆಯುವುದೂ ಅದೇ. ತೊಂದರೆ ಏನೆಂದರೆ, ಮೇಲಿನಿಂದ ಸಣ್ಣದಾಗಿ ಕಾಣುವ ದೋಣಿಗೂ ಕೆಳಗೆ ಸಾಕಷ್ಟು ಆಳ ಬೇಕು. ಸುಮಾರು 20 ಮೀಟರ್ ಉದ್ದದ ಪಂದ್ಯದ ಯಾಟ್‌ನ ಕೀಲ್ 4.8 ಮೀಟರಿನಷ್ಟು ಕೆಳಗೆ ಇಳಿದಿರಬಹುದು. ಈ ಕೀಲ್ ಅಥವಾ ದೋಣಿಯ ತಳ ಕೆಸರಿಗೆ, ಮರಳಿಗೆ, ಬಂಡೆಗೆ, ಹವಳದ ದಿಬ್ಬಕ್ಕೆ ತಾಗಿ ಸಿಕ್ಕಿಹಾಕಿಕೊಂಡರೆ ಅದನ್ನೇ ತಳ ತಾಗುವುದು ಅನ್ನುತ್ತೇವೆ.

ನೀರಿನ ಆಳ ದಿನವಿಡೀ ಒಂದೇ ಇರುವುದಿಲ್ಲ. ಉಬ್ಬರ ಬಂದರೆ ಏರುತ್ತದೆ, ಇಳಿತ ಬಂದರೆ ಇಳಿಯುತ್ತದೆ. ಮಂಗಳೂರಿನ ಕಡೆ ಈ ಏರಿಳಿತ ಎರಡು ಮೀಟರಿನೊಳಗೇ ಮುಗಿಯುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ಚಾನೆಲ್‌ನಲ್ಲಿ ಹನ್ನೆರಡು ಮೀಟರನ್ನೂ ದಾಟುತ್ತದೆ. ಹಾಗಾಗಿ ಎಲ್ಲಿ ತಾಗಿತು ಅನ್ನುವುದರ ಜೊತೆಗೆ ಯಾವ ಹೊತ್ತಿಗೆ ತಾಗಿತು ಅನ್ನುವುದೂ ಮುಖ್ಯ. ನೀರು ಏರುತ್ತಿರುವಾಗ ತಾಗಿದರೆ ಸ್ವಲ್ಪ ಹೊತ್ತಿಗೆ ದೋಣಿ ತಾನಾಗಿಯೇ ತೇಲಬಹುದು. ಇಳಿಯುತ್ತಿರುವಾಗ ತಾಗಿದರೆ ನಿಮಿಷ ನಿಮಿಷಕ್ಕೂ ಇನ್ನಷ್ಟು ಕೂರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರದ ತುದಿಯಲ್ಲಿ ತಾಗಿದರಂತೂ ಕಷ್ಟ. ಮುಂದಿನ ಉಬ್ಬರಗಳು ಅದಕ್ಕಿಂತ ಚಿಕ್ಕವು. ಅಷ್ಟೇ ನೀರು ಮತ್ತೆ ಬರಲು ಎರಡು ವಾರ ಕಾಯಬೇಕಾಗಬಹುದು.

ತಾಗಿದ್ದೆಲ್ಲ ಅವಘಡ ಅಲ್ಲ

ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ಕೆಸರು ತುಂಬಿದ ನದಿಮುಖಗಳಲ್ಲಿ ಹಾಯಿದೋಣಿಯವರು ಆಗಾಗ ತಳ ತಾಗಿಸಿಕೊಳ್ಳುತ್ತಾರೆ. ಕೆಲವು ದೋಣಿಗಳಿಗೆ ಪಕ್ಕಪಕ್ಕದಲ್ಲಿ ಎರಡು ಕೀಲ್ ಇರುತ್ತವೆ. ನೀರಿಳಿದಾಗ ಅವು ಕೆಸರಿನ ಮೇಲೆ ನೆಟ್ಟಗೆ ಕೂರುತ್ತವೆ, ಉಬ್ಬರ ಬಂದಾಗ ಎದ್ದು ಹೊರಡುತ್ತವೆ. ಇದರಲ್ಲಿ ಗ್ರಹಚಾರವೂ ಇಲ್ಲ, ತಪ್ಪೂ ಇಲ್ಲ.

ನಮ್ಮ ಕರಾವಳಿಯವರಿಗೆ ಅಳಿವೆಯ ಕಷ್ಟ ಗೊತ್ತು. ನದಿ ಸಮುದ್ರ ಸೇರುವ ಕಡೆ ಮಳೆಗಾಲದಲ್ಲಿ ಹೂಳು ಬಂದು ತುಂಬುತ್ತದೆ, ಮರಳಿನ ದಿಬ್ಬ ಜಾಗ ಬದಲಿಸುತ್ತದೆ. ಮೇ ತಿಂಗಳಲ್ಲಿ ದಾರಿ ಇದ್ದ ಕಡೆ ಆಗಸ್ಟ್‌ನಲ್ಲಿ ದಾರಿ ಇರುತ್ತದೆ ಅನ್ನುವ ಹಾಗಿಲ್ಲ. ಮೀನುಗಾರಿಕೆ ಬೋಟ್ ಅಲ್ಲಿ ಸಿಕ್ಕಿಕೊಂಡರೆ ತಾಂಡೇಲನನ್ನು, ಅಂದರೆ ಬೋಟ್ ನಡೆಸುವವನನ್ನು, ಬೈಯುವ ಮೊದಲು ಕೇಳಬೇಕಾದ್ದು ಬೇರೆ ಇದೆ. ಹೂಳೆತ್ತುವ ಡ್ರೆಜ್ಜಿಂಗ್ ಯಾವಾಗ ಆಗಿತ್ತು? ದಾರಿ ತೋರಿಸುವ ಬೋಯಾ ಸರಿಯಾದ ಜಾಗದಲ್ಲಿತ್ತಾ? ದಿಬ್ಬ ಸರಿದಿರುವುದು ಬೇರೆ ಬೋಟಿನವರಿಗೆ ಗೊತ್ತಿತ್ತಾ?

ತನಿಖೆ ಶುರುವಾಗುವುದೂ ಇಲ್ಲಿಂದಲೇ. ಅಪಾಯ ಗೊತ್ತಾಗುವಂಥದ್ದಾಗಿತ್ತಾ? ಆಗಿದ್ದರೆ ಯಾವಾಗಿನಿಂದ?

2014ರ ನವೆಂಬರ್ 29ರ ರಾತ್ರಿ

ಈ ಪ್ರಶ್ನೆ ಎಷ್ಟು ಕಷ್ಟದ್ದು ಅಂತ ತಿಳಿಯಲು ವೋಲ್ವೊ ಓಷನ್ ರೇಸ್‌ನಲ್ಲಿ ನಡೆದ ಘಟನೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದು ಹಾಯಿದೋಣಿಗಳಲ್ಲಿ ಜಗತ್ತನ್ನೇ ಸುತ್ತುವ ಪಂದ್ಯ. 2014ರ ನವೆಂಬರ್ 19ರಂದು ದೋಣಿಗಳು ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಿಂದ ಅಬುಧಾಬಿ ಕಡೆಗೆ ಹೊರಟವು. ಅವುಗಳಲ್ಲಿ ಟೀಮ್ ವೆಸ್ಟಾಸ್ ವಿಂಡ್ ಒಂದು. ದೋಣಿಯಲ್ಲಿ ಒಂಬತ್ತು ಜನ ಇದ್ದರು. ಆಸ್ಟ್ರೇಲಿಯಾದ ಕ್ರಿಸ್ ನಿಕೋಲ್ಸನ್ ಸ್ಕಿಪ್ಪರ್, ಅಂದರೆ ದೋಣಿಯ ನಾಯಕ. ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್ ನೆದರ್ಲೆಂಡ್ಸ್‌ನ ವೌಟರ್ ವೆರ್‌ಬ್ರಾಕ್. ಇಬ್ಬರೂ ಹೊಸಬರಲ್ಲ. ಸಾಗರದ ಪಂದ್ಯಗಳಲ್ಲಿ ಪಳಗಿದವರು.

ಹೊರಟ ಹತ್ತನೇ ದಿನ, ಕತ್ತಲಾದ ಮೇಲೆ, ದೋಣಿ 19 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 35 ಕಿ.ಮೀ. ವೇಗದಲ್ಲಿ ಹವಳದ ದಿಬ್ಬಕ್ಕೆ ಹೊಡೆಯಿತು. ಆ ದಿಬ್ಬದ ಹೆಸರು ಕಾರ್ಗಡೋಸ್ ಕರಾಜೋಸ್. ಮಾರಿಷಸ್‌ನಿಂದ ಈಶಾನ್ಯಕ್ಕೆ ಸುಮಾರು 430 ಕಿ.ಮೀ. ದೂರದಲ್ಲಿದೆ, ಮಾರಿಷಸ್‌ಗೇ ಸೇರಿದ್ದು. ಅದೇನೂ ಕಣ್ತಪ್ಪುವಂಥ ಸಣ್ಣ ಕಲ್ಲಲ್ಲ. ಹತ್ತಾರು ಕಿಲೋಮೀಟರ್ ಉದ್ದಕ್ಕೆ ಬಿಲ್ಲಿನಂತೆ ಬಾಗಿರುವ ದಿಬ್ಬ. ಆದರೆ ನೀರಿನಿಂದ ಮೇಲೆ ಬಂದಿರುವ ಅಲ್ಲಿನ ದ್ವೀಪಗಳು ತೀರಾ ತಗ್ಗು. ರಾತ್ರಿ ದೂರದಿಂದ ಕಾಣುವಂಥವಲ್ಲ.

ದೋಣಿಯ ಹಿಂಭಾಗ ಅಲೆಗಳ ಹೊಡೆತಕ್ಕೆ ಒಡೆಯುತ್ತಾ ಹೋಯಿತು. ಕೊನೆಗೆ ಒಂಬತ್ತೂ ಜನ ಕತ್ತಲಲ್ಲೇ ದೋಣಿ ಬಿಟ್ಟು ದಿಬ್ಬದ ಮೇಲಿನ ಒಣ ಜಾಗಕ್ಕೆ ನಡೆದು ಹೋದರು. ಅದೇ ಪಂದ್ಯದ ಆಲ್ವಿಮೆಡಿಕಾ ತಂಡ ತನ್ನ ಓಟ ನಿಲ್ಲಿಸಿ ಹತ್ತಿರದಲ್ಲೇ ಕಾದು ನಿಂತಿತ್ತು. ಹತ್ತಿರದ ಸಣ್ಣ ದ್ವೀಪದಿಂದ ಬಂದ ಕರಾವಳಿ ಕಾವಲಿನವರ ದೋಣಿ ಇವರನ್ನು ಕರೆದುಕೊಂಡು ಹೋಯಿತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ.

ಹಾಗಾದರೆ ಆ ದಿಬ್ಬ ಅವರ ನಕ್ಷೆಯಲ್ಲಿ ಇರಲಿಲ್ಲವಾ? ಇತ್ತು.

ಆದರೆ ಕಾಣುವ ರೀತಿ ಬೇರೆ ಇತ್ತು. ಫೋನಿನಲ್ಲಿ ಇಡೀ ಕರ್ನಾಟಕದ ಮ್ಯಾಪ್ ತೆರೆದರೆ ನಿಮ್ಮ ಊರು ಕಾಣುವುದಿಲ್ಲ ಅಲ್ವಾ? ದೊಡ್ಡದು ಮಾಡುತ್ತಾ ಹೋದರೆ ಮಾತ್ರ ಒಂದು ಹಂತದಲ್ಲಿ ಹೆಸರು ಮೂಡುತ್ತದೆ. ಕಡಲಿನ ಎಲೆಕ್ಟ್ರಾನಿಕ್ ಚಾರ್ಟ್ ಕೂಡ ಹಾಗೇ. ಇಡೀ ಹಿಂದೂ ಮಹಾಸಾಗರ ಒಂದೇ ಪರದೆಯಲ್ಲಿ ಹಿಡಿಸಬೇಕಾದರೆ ವಿವರಗಳನ್ನು ಬಿಡಲೇಬೇಕು. ವೆಸ್ಟಾಸ್ ತಂಡದವರು ಆ ಜಾಗವನ್ನು ಪರದೆಯ ಮೇಲೆ ನೋಡಿದ್ದರು. ಅವರು ನೋಡಿದ ಹಂತದಲ್ಲಿ ಅದು ಸುಮಾರು 40 ಮೀಟರ್ ಆಳದ, ಸಮುದ್ರದೊಳಗಿನ ಗುಡ್ಡದಂತೆ ಕಂಡಿತು. 4.8 ಮೀಟರ್ ಇಳಿಯುವ ದೋಣಿಗೆ 40 ಮೀಟರ್ ನೀರು ಬೇಕಾದಷ್ಟಾಯಿತು. ಅಲ್ಲಿ ಅಲೆ ಸ್ವಲ್ಪ ಒರಟಾಗಿರಬಹುದು ಅಂತ ಅಂದುಕೊಂಡು ಮುಂದೆ ಸಾಗಿದರು. ಇನ್ನೂ ದೊಡ್ಡದು ಮಾಡಿ ನೋಡಿದ್ದರೆ ದಿಬ್ಬ, ದ್ವೀಪ ಎಲ್ಲ ಕಾಣುತ್ತಿದ್ದವು.

ಇದಕ್ಕೆ ಇನ್ನೊಂದು ಸಂಗತಿ ಸೇರಿಕೊಂಡಿತು. ದೋಣಿಗಳು ಹೋಗಬಾರದು ಅಂತ ಆಯೋಜಕರು ಕೆಲವು ಪ್ರದೇಶಗಳನ್ನು ಗುರುತಿಸಿರುತ್ತಾರೆ. ದಾರಿಯಲ್ಲಿ ಚಂಡಮಾರುತದ ಲಕ್ಷಣ ಕಂಡದ್ದರಿಂದ ಹೊರಡುವ ಹೊತ್ತಿಗೆ ಆ ಗಡಿಯನ್ನು ಬದಲಿಸಿದರು. ದೋಣಿಗಳಿಗೆ ಅನುಕೂಲವಾಗಲಿ ಅಂತಲೇ ಮಾಡಿದ ಬದಲಾವಣೆ ಅದು. ಆದರೆ ಅದರಿಂದ ಈ ದಿಬ್ಬದ ಕಡೆಯ ದಾರಿ ತೆರೆದುಕೊಂಡಿತು. ಮೊದಲಿನ ಗಡಿಯನ್ನು ನಂಬಿ ವಾರಗಟ್ಟಲೆ ಮಾಡಿದ ತಯಾರಿಯಲ್ಲಿ ಆ ಜಾಗಕ್ಕೆ ಯಾರೂ ಹೆಚ್ಚು ಗಮನ ಕೊಟ್ಟಿರಲಿಲ್ಲ.

ಇಲ್ಲಿಯವರೆಗೆ ಓದಿದರೆ ಪಾಪ ಅನ್ನಿಸುತ್ತದೆ. ಆದರೆ ಆಲ್ವಿಮೆಡಿಕಾದ ನ್ಯಾವಿಗೇಟರ್ ವಿಲ್ ಆಕ್ಸ್ಲಿ ಹೇಳಿದ್ದನ್ನೂ ಕೇಳಬೇಕು. ಚಂಡಮಾರುತ ತಮ್ಮನ್ನು ಪಶ್ಚಿಮಕ್ಕೆ ತಳ್ಳುತ್ತದೆ ಅಂತ ಗೊತ್ತಾದಾಗಲೇ, ಕೆಲವು ದಿನ ಮೊದಲೇ, ಅವರು ಆ ಪ್ರದೇಶವನ್ನು ಪರಿಶೀಲಿಸಿದ್ದರು. ದಿಬ್ಬ ಅಲ್ಲಿದೆ ಅಂತ ಮೊದಲೇ ಗೊತ್ತಿದ್ದರೂ ಎಲೆಕ್ಟ್ರಾನಿಕ್ ಚಾರ್ಟ್‌ಗಳಲ್ಲಿ ಅದನ್ನು ಹುಡುಕಲು ತಮಗೆ ತುಂಬಾ ಕಷ್ಟವಾಯಿತು ಎಂದು ಅವರು ಹೇಳಿದರು. ಈ ಮಾತು ಎರಡೂ ಕಡೆಗೆ ಸಾಕ್ಷಿ. ದಿಬ್ಬ ತಪ್ಪಿಹೋಗುವುದು ಸುಲಭವಿತ್ತು. ಹುಡುಕಿದವರಿಗೆ ಸಿಕ್ಕಿತ್ತು ಕೂಡ.

ಆಯೋಜಕರು ಸ್ವತಂತ್ರ ತನಿಖೆ ಮಾಡಿಸಿದರು. ಆಸ್ಟ್ರೇಲಿಯಾ ನೌಕಾಪಡೆಯ ನಿವೃತ್ತ ರಿಯರ್ ಅಡ್ಮಿರಲ್ ಕ್ರಿಸ್ ಆಕ್ಸನ್‌ಬೌಲ್ಡ್ ಅದರ ಅಧ್ಯಕ್ಷರು. ಹೆಸರಾಂತ ನ್ಯಾವಿಗೇಟರ್ ಸ್ಟಾನ್ ಹನಿ ಮತ್ತು ಸಮುದ್ರ ಸುರಕ್ಷತೆಯ ಪರಿಣತ ಚಕ್ ಹಾಲಿ ಸದಸ್ಯರು. 2015ರ ಮಾರ್ಚ್‌ನಲ್ಲಿ ಬಂದ ವರದಿಯ ತಿರುಳು ಹೀಗಿತ್ತು. ತಮ್ಮ ದಾರಿಯಲ್ಲಿ ಈ ದಿಬ್ಬ ಇದೆ ಅನ್ನುವ ಅರಿವು ಸಿಬ್ಬಂದಿಗೆ ಇಲ್ಲದೇ ಹೋದದ್ದೇ ಮುಖ್ಯ ಕಾರಣ. ಚಾರ್ಟ್ ಮತ್ತು ಇತರ ಮಾಹಿತಿಯನ್ನು ಬಳಸಿದ ರೀತಿಯಲ್ಲಿ ಕೊರತೆ ಇತ್ತು. ಅದರ ಜೊತೆಗೆ, ಸಣ್ಣ ಮತ್ತು ಮಧ್ಯಮ ಅಳತೆಯಲ್ಲಿ, ಅಂದರೆ ಪೂರ್ತಿ ದೊಡ್ಡದು ಮಾಡದೇ ನೋಡುವಾಗ, ಅಪಾಯವನ್ನು ತೋರಿಸುವ ವಿಷಯದಲ್ಲಿ ಚಾರ್ಟ್ ವ್ಯವಸ್ಥೆಯಲ್ಲೂ ಕೊರತೆ ಇತ್ತು.

ನನಗೆ ಈ ವರದಿ ಇಷ್ಟವಾಗುವುದು ಇದೇ ಕಾರಣಕ್ಕೆ. ಯಂತ್ರ ಅಪಾಯವನ್ನು ಮರೆಮಾಡಿತ್ತು ಅಂತ ಒಪ್ಪಿಕೊಂಡೂ, ಯಂತ್ರದ ಆ ಗುಣ ನ್ಯಾವಿಗೇಟರ್ ಆದವರಿಗೆ ಗೊತ್ತಿರಬೇಕಾದ್ದು ಅಂತ ಅದು ಎಣಿಸುತ್ತದೆ. ಹತ್ತು ದಿನ ಸಮಯವಿತ್ತು, ನೋಡಲು ಬೇರೆ ದಾಖಲೆಗಳೂ ಇದ್ದವು. ಹಾಗಾಗಿ ಇದನ್ನು ಬರೀ ಗ್ರಹಚಾರ ಅನ್ನಲಾಗದು. ನ್ಯಾವಿಗೇಟರ್ ತಾನು ದೊಡ್ಡ ತಪ್ಪು ಮಾಡಿದೆ ಅಂತ ಬಹಿರಂಗವಾಗಿ ಒಪ್ಪಿಕೊಂಡರು. ಸ್ಕಿಪ್ಪರ್ ಕೂಡ ಜವಾಬ್ದಾರಿ ಹೊತ್ತರು. ದೋಣಿಯನ್ನು ದಿಬ್ಬದಿಂದ ಎತ್ತಿ ತಂದು, ಇಟಲಿಯಲ್ಲಿ ಬಹುಪಾಲು ಹೊಸದಾಗಿ ಕಟ್ಟಿ, 2015ರ ಜೂನ್‌ನಲ್ಲಿ ಲಿಸ್ಬನ್‌ನಿಂದ ಮತ್ತೆ ಪಂದ್ಯಕ್ಕೆ ಇಳಿಸಿದಾಗ ಸ್ಕಿಪ್ಪರ್ ಅವರೇ ಇದ್ದರು. ನ್ಯಾವಿಗೇಟರ್ ಬೇರೆಯವರು.

ಚಾರ್ಟ್ ಎಷ್ಟು ನಂಬಬಹುದು?

ಇನ್ನೊಂದು ಬಗೆಯ ಪ್ರಕರಣ ಇದೆ. ಎಷ್ಟೇ ದೊಡ್ಡದು ಮಾಡಿ ನೋಡಿದರೂ ಚಾರ್ಟಿನಲ್ಲಿ ಬಂಡೆ ಇಲ್ಲ, ಸಮುದ್ರದಲ್ಲಿ ಇದೆ. ಇದಂತೂ ಗ್ರಹಚಾರವೇ ತಾನೇ?

ಅರ್ಧ ಹೌದು. ಜಿಪಿಎಸ್ ನಮ್ಮ ಜಾಗವನ್ನು ಕೆಲವೇ ಮೀಟರುಗಳ ವ್ಯತ್ಯಾಸದಲ್ಲಿ ಹೇಳುತ್ತದೆ. ಆದರೆ ಬಂಡೆಯನ್ನು ಚಾರ್ಟಿನಲ್ಲಿ ಗುರುತಿಸಿದ್ದು ಯಾವ ಕಾಲದಲ್ಲಿ, ಯಾವ ಸಲಕರಣೆಯಿಂದ? ಎಷ್ಟೋ ಕಡೆ ಇನ್ನೂ ಇರುವುದು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ಅಳೆದ ಕಾಲದ ಅಂಕಿಗಳು. ಒಂದು ಗುಂಡು ಬಿದ್ದ ಜಾಗಕ್ಕೂ ಮತ್ತೊಂದು ಬಿದ್ದ ಜಾಗಕ್ಕೂ ನಡುವೆ ಏನಿದೆ ಅಂತ ಆಗ ತಿಳಿಯುತ್ತಿರಲಿಲ್ಲ. ಅದಕ್ಕೇ ಅಧಿಕೃತ ಚಾರ್ಟ್‌ಗಳಲ್ಲಿ ಪ್ರತಿ ಪ್ರದೇಶದ ಸರ್ವೆ ಎಷ್ಟು ನಂಬಿಕೆಗೆ ತಕ್ಕದ್ದು ಅಂತ ದರ್ಜೆ ಕೊಟ್ಟಿರುತ್ತಾರೆ. ಎ1 ದರ್ಜೆಯಲ್ಲಿ ಗುರುತು ಐದು ಮೀಟರಿನೊಳಗೆ ಸರಿ ಇರುತ್ತದೆ. ಬಿ ದರ್ಜೆಯಲ್ಲಿ 50 ಮೀಟರ್. ಸಿ ದರ್ಜೆಯಲ್ಲಿ 500 ಮೀಟರ್ ಆಚೀಚೆ ಇರಬಹುದು. ಡಿ ಅದಕ್ಕಿಂತ ಕಡೆ. ಸಿ ದರ್ಜೆಯ ಪ್ರದೇಶದಲ್ಲಿ ಬಂಡೆಯಿಂದ ಇನ್ನೂರು ಮೀಟರ್ ದೂರ ಇಟ್ಟುಕೊಂಡು ಹೋದರೆ ಪರದೆಯ ಮೇಲೆ ದಾರಿ ಸುರಕ್ಷಿತವಾಗಿ ಕಾಣುತ್ತದೆ, ನಿಜಕ್ಕೂ ಬಂಡೆಯ ಮೇಲೇ ಇರಬಹುದು. ತಪ್ಪು ಚಾರ್ಟಿನದ್ದು ಅನ್ನೋಣ. ಆದರೆ ಅದು ತಪ್ಪಿರಬಹುದು ಅಂತ ಚಾರ್ಟೇ ಮೊದಲು ಹೇಳಿತ್ತಲ್ಲ.

ಇದಕ್ಕೆ ಹಡಗಿನದೇ ಒಂದು ಹಳೆಯ ಉದಾಹರಣೆ ಇದೆ. 1992ರ ಆಗಸ್ಟ್ 7ರ ರಾತ್ರಿ ಕ್ವೀನ್ ಎಲಿಜಬೆತ್ 2 ಎಂಬ ಪ್ರಸಿದ್ಧ ಪ್ರಯಾಣಿಕ ಹಡಗು ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿ, ಕಟಿಹಂಕ್ ದ್ವೀಪದ ಹತ್ತಿರ ಬಂಡೆಗೆ ತಾಗಿತು. ಚಾರ್ಟ್ ಪ್ರಕಾರ ಅಲ್ಲಿ 39 ಅಡಿ ನೀರು, ಹಡಗಿಗೆ ಬೇಕಾದ್ದು ಸುಮಾರು 32 ಅಡಿ. ಸರ್ವೆ ನಡೆದದ್ದು 1939ರಲ್ಲಿ. ಅದರಲ್ಲಿ ಸಿಗದೇ ಹೋದ ಬಂಡೆಗಳು ಅಲ್ಲಿದ್ದವು. ಇನ್ನೂ ಒಂದು ಕಾರಣ ಇತ್ತು. ದೊಡ್ಡ ಹಡಗು ಕಡಿಮೆ ಆಳದಲ್ಲಿ ವೇಗವಾಗಿ ಹೋದರೆ ಅದರ ಅಡಿಯ ನೀರಿನ ಒತ್ತಡ ಕಡಿಮೆಯಾಗಿ ಹಡಗು ಕೆಳಕ್ಕೆ ಇಳಿಯುತ್ತದೆ. ಹಡಗಿನವರು ಇದನ್ನು ಸ್ಕ್ವಾಟ್ ಅನ್ನುತ್ತಾರೆ. ಅವತ್ತಿನ ವೇಗಕ್ಕೆ ಅದು ಅಧಿಕಾರಿಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ಇಳಿದಿತ್ತು. ಅಮೆರಿಕದ ತನಿಖಾ ಮಂಡಳಿ ಹಳೆಯ ಸರ್ವೆಯ ಮೇಲೆ ಎಲ್ಲವನ್ನೂ ಹೊರಿಸಲಿಲ್ಲ. ದಾರಿಯ ಬಗ್ಗೆ ಪೈಲಟ್ (ಆ ಕಡೆಯ ನೀರಿನಲ್ಲಿ ದಾರಿ ತೋರಿಸಲು ಹಡಗು ಹತ್ತುವ ಸ್ಥಳೀಯ ನಾವಿಕ) ಮತ್ತು ಕ್ಯಾಪ್ಟನ್ ಕೂತು ಮಾತಾಡಿ ಒಂದು ಯೋಜನೆಗೆ ಬಂದಿರಲಿಲ್ಲ ಅನ್ನುವುದನ್ನೇ ಮುಖ್ಯವಾಗಿ ಎತ್ತಿ ಹೇಳಿತು.

ಗ್ರಹಚಾರಕ್ಕೂ ಜಾಗ ಇದೆ

ಇಷ್ಟು ಹೇಳಿದೆ ಅಂತ ಎಲ್ಲದಕ್ಕೂ ನಾವಿಕನೇ ಹೊಣೆ ಅಂದುಕೊಳ್ಳಬಾರದು. ಚೆನ್ನಾಗಿ ನೋಡಿಕೊಂಡ ಚುಕ್ಕಾಣಿ ಮುರಿಯಬಹುದು. ನೀರಲ್ಲಿ ತೇಲುವ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಂಡು ಎಂಜಿನ್ ನಿಲ್ಲಬಹುದು. ಗಟ್ಟಿಯಾಗಿ ಹಿಡಿದಿದ್ದ ಲಂಗರು, ಯಾವ ಮುನ್ಸೂಚನೆಯಲ್ಲೂ ಇಲ್ಲದ ಗಾಳಿಗೆ ಕಿತ್ತು ಬರಬಹುದು. ಇವನ್ನು ಮೊದಲೇ ತಿಳಿಯುವುದು ಯಾರಿಂದಲೂ ಆಗದು.

ಹೀಗಾದಾಗ ತನಿಖೆಯವರು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಎಂಜಿನ್ ನಿಂತಾಗ ದೋಣಿ ದಡದಿಂದ ಎಷ್ಟು ದೂರ ಇತ್ತು, ಗಾಳಿ ಯಾವ ಕಡೆಗೆ ಬೀಸುತ್ತಿತ್ತು? ಗಾಳಿ ದಡದ ಕಡೆಗೇ ಇದ್ದರೆ ಎಂಜಿನ್ ನಿಂತ ದೋಣಿ ತಾನಾಗಿಯೇ ದಡಕ್ಕೆ ಹೋಗುತ್ತದೆ. ಅಂಥ ಕಡೆ ಒಂದು ಕಿಲೋಮೀಟರ್ ಹೊರಗೆ ಇದ್ದವನಿಗೆ ಹಾಯಿ ಏರಿಸಲೋ ಲಂಗರು ಇಳಿಸಲೋ ಸಮಯ ಸಿಗುತ್ತದೆ. ನೂರು ಮೀಟರ್ ಹೊರಗೆ ಇದ್ದವನಿಗೆ ಸಿಗುವುದಿಲ್ಲ. ಲಂಗರು ಕೈಗೆ ಸಿಗುವಂತಿತ್ತಾ, ಇಲ್ಲಾ ಸಾಮಾನಿನ ಕೆಳಗೆ ಹೂತುಹೋಗಿತ್ತಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎಂಜಿನ್ ನಿಂತದ್ದು ಗ್ರಹಚಾರವೇ ಇರಬಹುದು. ನೂರು ಮೀಟರ್ ಹತ್ತಿರ ಹೋಗಿದ್ದು ಒಬ್ಬರ ತೀರ್ಮಾನ.

2017ರ ಅಕ್ಟೋಬರ್ 31ರಂದು ಕ್ಲಿಪ್ಪರ್ ಪಂದ್ಯದ ಗ್ರೀನಿಂಗ್ಸ್ ಎಂಬ ಯಾಟ್ ಕೇಪ್ ಟೌನ್ ಬಿಟ್ಟ ಕೆಲವೇ ಗಂಟೆಗಳಲ್ಲಿ, ರಾತ್ರಿ ಹೊತ್ತು, ಕೇಪ್ ಪರ್ಯಾಯದ್ವೀಪದ ಪಶ್ಚಿಮ ದಡಕ್ಕೆ ಬಡಿಯಿತು. ಅದರಲ್ಲಿದ್ದ 18 ಜನರನ್ನೂ ಉಳಿಸಿದರು, ದೋಣಿ ಉಳಿಯಲಿಲ್ಲ. ಅಲ್ಲಿ ದಡ ಎಲ್ಲಿದೆ ಅಂತ ಗೊತ್ತಿಲ್ಲದ ಮಾತೇ ಇರಲಿಲ್ಲ. ಬ್ರಿಟನ್ನಿನ ಸಮುದ್ರ ಅಪಘಾತ ತನಿಖಾ ಸಂಸ್ಥೆ ಎಂಎಐಬಿ ಕಂಡುಕೊಂಡದ್ದೇನೆಂದರೆ, ದೋಣಿ ದಡದ ತೀರಾ ಹತ್ತಿರ ಸಾಗುತ್ತಿತ್ತು. ಸ್ಕಿಪ್ಪರ್ ಗಮನವೆಲ್ಲ ಡೆಕ್ ಮೇಲೆ ಹಾಯಿ ತಿರುಗಿಸುವ ಕೆಲಸದಲ್ಲಿತ್ತು. ಆ ಹೊತ್ತಲ್ಲಿ ದೋಣಿ ಎಲ್ಲಿದೆ ಅಂತ ಸರಿಯಾಗಿ ನೋಡುತ್ತಾ ಕೂರುವವರು ಯಾರೂ ಇರಲಿಲ್ಲ. ವೆಸ್ಟಾಸ್ ದುರಂತದಲ್ಲಿ ಕಷ್ಟಪಟ್ಟು ಹುಡುಕಬೇಕಾದ ಅಪಾಯವಿತ್ತು. ಇಲ್ಲಿ ಹಾಗೂ ಇರಲಿಲ್ಲ. ನನ್ನ ಮಟ್ಟಿಗೆ ಎರಡರಲ್ಲಿ ಇದೇ ಹೆಚ್ಚು ಸ್ಪಷ್ಟವಾದ ಪ್ರಕರಣ.

ಬಚಾವಾದವರ ಲೆಕ್ಕ

ತೀರ್ಪು ಕೊಡುವಾಗ ನಾವೆಲ್ಲ ಒಂದು ಕಡೆ ಎಡವುತ್ತೇವೆ. ಬಂಡೆ ಹತ್ತಿದ ದೋಣಿಯನ್ನಷ್ಟೇ ನೋಡುತ್ತೇವೆ. ಚಾರ್ಟನ್ನು ದೊಡ್ಡದು ಮಾಡದೇ, ಕಾವಲು ಇಡದೇ, ಸುಮ್ನೆ ಹೋಗಿ ಸುಖವಾಗಿ ಮನೆ ಸೇರಿದವರ ವಿಡಿಯೊ ಯಾರೂ ಮಾಡುವುದಿಲ್ಲ. ವೆಸ್ಟಾಸ್ ಕೆಲವು ಕಿಲೋಮೀಟರ್ ಆಚೆಗೆ ಸಾಗಿದ್ದರೆ ದಿಬ್ಬವನ್ನು ದಾಟಿಹೋಗುತ್ತಿತ್ತು. ತಪ್ಪು ಅಷ್ಟೇ ಇರುತ್ತಿತ್ತು, ಸುದ್ದಿ ಆಗುತ್ತಿರಲಿಲ್ಲ. ಹಾಗೆಯೇ ಬೆಳಕು ಇದ್ದಿದ್ದರೆ ಒಡೆಯುವ ಅಲೆ ಮೊದಲೇ ಕಂಡಿರುತ್ತಿತ್ತೇನೋ. ಅದೃಷ್ಟದ ಆಟ ಬಹಳ ಸಲ ಇಲ್ಲೇ ನಡೆಯುವುದು. ತಪ್ಪಿಗೆ ಏನು ಬೆಲೆ ತೆರಬೇಕಾಯಿತು ಅನ್ನುವುದು ಉಬ್ಬರ, ಅಲೆ, ಬೆಳಕು, ಹತ್ತಿರದಲ್ಲಿ ಇನ್ನೊಂದು ದೋಣಿ ಇತ್ತೋ ಇಲ್ಲವೋ ಇಂಥವುಗಳ ಮೇಲೆ ನಿಂತಿರುತ್ತದೆ. ಕೆಸರಿಗೆ ತಾಗಿದವನು ಒಂದು ಉಬ್ಬರ ಕಾದು ಹೊರಡುತ್ತಾನೆ. ಅದೇ ತಪ್ಪು ಮಾಡಿ ಹವಳಕ್ಕೆ ತಾಗಿದವನು ದೋಣಿ ಕಳೆದುಕೊಳ್ಳುತ್ತಾನೆ. ಇವರಲ್ಲಿ ಎರಡನೆಯವನನ್ನು ಮಾತ್ರ ಕೆಟ್ಟ ನಾವಿಕ ಅಂದರೆ ಅನ್ಯಾಯ.

ತನಿಖೆ ಮತ್ತು ವಿಮೆ

ಇದನ್ನೆಲ್ಲ ತೀರ್ಮಾನಿಸುವುದು ಯಾರು ಮತ್ತು ಯಾಕೆ? ಎಂಎಐಬಿಯಂಥ ಸಂಸ್ಥೆಗಳಿಗೆ ಕಾನೂನೇ ಕೊಟ್ಟಿರುವ ಕೆಲಸ ಮುಂದಿನ ಅಪಘಾತ ತಡೆಯುವುದು. ಯಾರ ತಪ್ಪು ಎಷ್ಟು ಅಂತ ಹಂಚುವುದು ಅವುಗಳ ಉದ್ದೇಶವಲ್ಲ. ಹಾಗಾಗಿ ಅವುಗಳ ವರದಿಯಲ್ಲಿ ಅಪರಾಧಿ ಸಿಗುವುದಿಲ್ಲ. ಏನಾಯಿತು, ಯಾಕಾಯಿತು ಅನ್ನುವುದು ಸಿಗುತ್ತದೆ. ಶಿಕ್ಷೆ, ಪರಿಹಾರದ ಮಾತು ಬಂದರೆ ಅದು ನ್ಯಾಯಾಲಯದ ದಾರಿ.

ವಿಮೆಯ ವಿಷಯದಲ್ಲಿ ಬಹಳ ಜನರಿಗೆ ಒಂದು ತಪ್ಪು ಕಲ್ಪನೆ ಇದೆ. ನಾವಿಕನ ತಪ್ಪು ಅಂತಾದರೆ ದುಡ್ಡು ಬರುವುದೇ ಇಲ್ಲ ಅಂದುಕೊಳ್ಳುತ್ತಾರೆ. ಬ್ರಿಟನ್ನಿನ 1906ರ ಸಾಗರ ವಿಮಾ ಕಾಯ್ದೆ ಹಾಗೆ ಹೇಳುವುದಿಲ್ಲ. ಅದನ್ನೇ ಅನುಸರಿಸಿ ಬಂದ ಭಾರತದ 1963ರ ಸಾಗರ ವಿಮಾ ಕಾಯ್ದೆಯೂ ಹೇಳುವುದಿಲ್ಲ. ಎರಡರಲ್ಲೂ 55ನೇ ಸೆಕ್ಷನ್ ಪ್ರಕಾರ, ವಿಮೆ ಮಾಡಿಸಿದವರು ಬೇಕೆಂದೇ ಮಾಡಿದ ದುಷ್ಕೃತ್ಯದಿಂದ ಆದ ನಷ್ಟಕ್ಕೆ ವಿಮಾ ಕಂಪನಿ ಹೊಣೆಯಲ್ಲ. ಆದರೆ ನಷ್ಟ ವಿಮೆಯಲ್ಲಿ ಸೇರಿದ ಅಪಾಯದಿಂದಲೇ ಆಗಿದ್ದರೆ, ನಾವಿಕ ಅಥವಾ ಸಿಬ್ಬಂದಿಯ ಅಜಾಗರೂಕತೆ ಅದರಲ್ಲಿ ಸೇರಿಕೊಂಡಿತ್ತು ಅನ್ನುವ ಒಂದೇ ಕಾರಣಕ್ಕೆ ಹಣ ನಿರಾಕರಿಸುವಂತಿಲ್ಲ. ಪಾಲಿಸಿಯಲ್ಲೇ ಬೇರೆ ಷರತ್ತು ಬರೆದಿದ್ದರೆ ಮಾತು ಬೇರೆ. ಯಾವ ಋತುವಿನಲ್ಲಿ, ಯಾವ ನೀರಿನಲ್ಲಿ, ಎಂಥ ಅರ್ಹತೆಯ ಸಿಬ್ಬಂದಿಯೊಂದಿಗೆ ಹೋಗಬೇಕು ಎಂಬ ಷರತ್ತುಗಳು ಅಲ್ಲಿ ಇರಬಹುದು. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಸ್ವಂತ ಬೋಟ್ ಇಟ್ಟುಕೊಂಡವರು ಪಾಲಿಸಿಯ ಆ ಪುಟವನ್ನು ಮಳೆಗಾಲ ಮುಗಿದು ಬೋಟ್ ನೀರಿಗಿಳಿಸುವ ಮೊದಲೇ ಓದಿಸಿ, ಅರ್ಥ ಮಾಡಿಕೊಂಡಿರುವುದು ಒಳ್ಳೆಯದು.